ನಡುವಿನ ದನಿ

ಟಿ.ವಿ.ಯ ಎಡಕ್ಕೊಂದು ಬಲಕ್ಕೊಂದು ಒಳ್ಳೆಯ ಸ್ಪೀಕರ್ ಇರುವಾಗ ನಡುವೆ ಮೂರನೆಯದೊಂದು ಬೇಕೇ ಬೇಡವೇ ಎಂಬುದು ಗೃಹಸ್ಥರು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆಯಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಅದು ಅಂಗಡಿಕಾರರ ಲಾಭಕ್ಕಾಗಿ ಹುಟ್ಟಿದ ಪ್ರಶ್ನೆಯೆಂದು ನಾಲ್ಕು ಜನರ ಮುಂದೆ ಹೇಳಿದ್ದೂ ಉಂಟು. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿದೆ. ಅದನ್ನೂ ನಾಲ್ಕು ಜನರ ಮುಂದೆಯೇ ಮಾಡುವುದು ನ್ಯಾಯವೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಇದರಲ್ಲಿ ಒಂದಿಷ್ಟು ಧ್ವನಿವಿಜ್ಞಾನವಿದೆ. ಒಂದಿಷ್ಟು ಪಶ್ಚಾತ್ತಾಪವೂ ಇದೆ.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು. ಸಂಗೀತದ ಹುಚ್ಚು ಮೊದಲಿನಿಂದಲೂ ಇತ್ತು. ನಿವೃತ್ತಿಯ ಹಣ ಕೈಗೆ ಬಂದಾಗ ಮೊದಲು ಮಾಡಿದ ಕೆಲಸವೆಂದರೆ ಮೈಸೂರಿನ ನಮ್ಮ ಮನೆಗೆ ಒಂದು ಜೊತೆ ಒಳ್ಳೆಯ ಸ್ಪೀಕರುಗಳನ್ನು ತಂದದ್ದು. ನಡುಮನೆಯ ಗೋಡೆಗೆ ಅವನ್ನು ಎಂಟು ಅಡಿ ಅಂತರದಲ್ಲಿ ನಿಲ್ಲಿಸಿ, ಅಳತೆಯ ಪಟ್ಟಿ ಹಿಡಿದು, ಎರಡಕ್ಕೂ ಸಮದೂರದಲ್ಲಿ, ಗೋಡೆಯಿಂದ ಒಂಬತ್ತು ಅಡಿ ಈಚೆಗೆ ನನ್ನ ಬೆತ್ತದ ಕುರ್ಚಿಯನ್ನು ಹಾಕಿಕೊಂಡೆ. ಆ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದರೆ ಹಾಡುವವರು ಎರಡು ಪೆಟ್ಟಿಗೆಗಳ ನಡುವಣ ಬರಿಗಾಳಿಯಲ್ಲಿ ಕುಳಿತು ಹಾಡುತ್ತಿರುವಂತೆ ಕೇಳುತ್ತಿತ್ತು.

ಬೆಂಗಳೂರಿನಲ್ಲಿರುವ ನನ್ನ ಮಗ ಒಂದು ಯುಗಾದಿಗೆ ಬಂದವನು ದೊಡ್ಡ ಟಿ.ವಿ.ಯನ್ನೂ, ರಿಸೀವರ್ ಎಂಬ ಯಂತ್ರವನ್ನೂ, ಹಿಂದಿನ ಗೋಡೆಗೆ ಎರಡು ಪುಟ್ಟ ಸ್ಪೀಕರುಗಳನ್ನೂ ತಂದು ನಡುಮನೆಯನ್ನು ‘ಹೋಂ ಥಿಯೇಟರ್’ ಮಾಡಿದ. “ಅಪ್ಪ, ಇನ್ನೊಂದು ಸೆಂಟರ್ ಸ್ಪೀಕರ್ ಬೇಕು. ಸಿನಿಮಾದಲ್ಲಿ ಮಾತೆಲ್ಲ ಅದರಲ್ಲೇ ಬರೋದು” ಎಂದ. “ಎರಡು ಕಿವಿಗೆ ಎರಡು ಸ್ಪೀಕರ್ ಸಾಲದೇನೋ?” ಎಂದು ನಾನು ನಕ್ಕುಬಿಟ್ಟೆ. ನಡುವಿನ ಸ್ಪೀಕರ್ ಇಲ್ಲವೆಂದು ಯಂತ್ರಕ್ಕೆ ತಿಳಿಸಿದರೆ, ಅದು ನಡುವಿನ ದನಿಯನ್ನು ಎಡಬಲಗಳಿಗೆ ಸಮನಾಗಿ ಹಂಚುತ್ತದೆ. ಎರಡು ಕಡೆಯಿಂದಲೂ ಒಂದೇ ದನಿ ಒಂದೇ ಕಾಲಕ್ಕೆ ಕಿವಿಗೆ ತಲಪಿದಾಗ ಮೆದುಳು ಅದನ್ನು ನಡುವಿನಿಂದ ಬಂದ ಒಂದೇ ದನಿಯೆಂದು ಭ್ರಮಿಸುತ್ತದೆ. ಬಲ್ಲವರು ಇದನ್ನು ‘ಫ್ಯಾಂಟಮ್’ ಎನ್ನುತ್ತಾರೆ, ನಾವು ಮಾಯಾದನಿಯೆನ್ನೋಣ. ಪುಕ್ಕಟೆಯಾಗಿ ದೊರೆಯುವ ಮಾಯೆಗೆ ಬದಲಾಗಿ ಹಣ ಕೊಟ್ಟು ಪೆಟ್ಟಿಗೆ ತರುವುದೇಕೆಂಬುದು ನನ್ನ ವಾದ. ಮಗ ಹೆಚ್ಚು ಜಗ್ಗಾಡಲಿಲ್ಲ.

ನಮ್ಮ ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ನನ್ನ ತಾಯಿ ಇದ್ದಾರೆ. ಮಂಡಿ ನೋವಿನವರಾದ್ದರಿಂದ ಎದ್ದು ಕೂರುವುದಕ್ಕೆ ಅನುಕೂಲವಾಗಲೆಂದು ಅವರ ಕುರ್ಚಿಯನ್ನು ಬಲಗಡೆ, ಅಡುಗೆಮನೆಯ ಬಾಗಿಲಿನ ಬಳಿ ಹಾಕಿದ್ದೆವು. ಒಳ್ಳೆಯ ಕಥೆಯೆಂದರೆ ಅವರಿಗೆ ಪ್ರಾಣ. ಆದರೆ ಹೋಂ ಥಿಯೇಟರ್ ಬಂದ ಮೇಲೆ ಅವರ ದೂರು ಮೊದಲಾಯಿತು. “ಅವಳು ಏನಂದಳು?” “ಅವನು ಯಾಕೆ ಹೊರಟುಹೋದ?” ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುವರು. ನಾನು ಸದ್ದನ್ನು ಏರಿಸುವೆ. ಆಗ ಹಿನ್ನೆಲೆಯ ಸಂಗೀತವೂ ಏರಿ ಅವರು ಕಿವಿ ಮುಚ್ಚಿಕೊಳ್ಳುವರು. “ಗಲಾಟೆ ಜಾಸ್ತಿ ಆಯ್ತೇ ಹೊರತು ಮಾತು ಕೇಳಿಸಲಿಲ್ಲ ಕಣೋ” ಎನ್ನುವರು.

“ಅಮ್ಮ, ನಿನಗೆ ವಯಸ್ಸಾಯ್ತು, ಕಿವಿ ಮಂದವಾಗಿದೆ” ಎಂದು ನಾನು ತೀರ್ಪು ಕೊಟ್ಟೆ. ಕಿವಿಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ವಯಸ್ಸಿಗೆ ಸಹಜವಾಗಿ ಎತ್ತರದ ಸ್ವರಗಳು ಕೊಂಚ ಕಡಿಮೆ ಕೇಳಿಸುತ್ತವೆ, ಬೇರೇನೂ ತೊಂದರೆಯಿಲ್ಲವೆಂದು ಅವರು ಹೇಳಿದರು. ತಾಯಿಗೆ ಅದು ಸಮಾಧಾನವಾಗಲಿಲ್ಲ. ದಿನವೂ ರಾತ್ರಿ ಬೆಚ್ಚಗಿನ ಎಣ್ಣೆಯನ್ನು ಕಿವಿಗೆ ಬಿಟ್ಟುಕೊಳ್ಳತೊಡಗಿದರು. ಕೆಲವು ವಾರ ಕಳೆದ ಮೇಲೆ ಅವರು ಏನನ್ನೂ ಕೇಳುವುದನ್ನು ಬಿಟ್ಟರು. ಆಮೇಲೆ ನಡುಮನೆಗೆ ಬರುವುದನ್ನೂ ಬಿಟ್ಟರು. “ನೀವು ನೋಡಿ, ನನಗೆ ನಿದ್ದೆ ಬರುತ್ತೆ” ಎಂದು ಎಂಟು ಗಂಟೆಗೇ ಕೋಣೆಗೆ ಹೋಗಿ ಮಲಗುವರು. ಅದನ್ನೂ ನಾನು ವಯಸ್ಸಿನ ಲೆಕ್ಕಕ್ಕೇ ಬರೆದೆ. ಎದುರಿಗೆ ಕುಳಿತು ಮಾತನಾಡಿದರೆ ಅವರಿಗೆ ಒಂದಕ್ಷರವೂ ತಪ್ಪದೆ ಕೇಳಿಸುತ್ತದೆ ಎಂಬುದನ್ನು ಮಾತ್ರ, ಪರೀಕ್ಷಿಸಿ ನೋಡುವುದೇ ವೃತ್ತಿಯಾಗಿದ್ದ ನಾನು, ಗಮನಿಸಲೇ ಇಲ್ಲ.

ನನ್ನ ಕಣ್ಣು ತೆರೆದದ್ದು ಬೆತ್ತದ ಕುರ್ಚಿಯಿಂದ. ಅದರ ಹೆಣಿಗೆ ಹರಿದು ದುರಸ್ತಿಗೆ ಕೊಟ್ಟಿದ್ದೆ. ಆ ರಾತ್ರಿ ಬೇರೆ ಸ್ಥಳವಿಲ್ಲದೆ, ಖಾಲಿಯಾಗಿದ್ದ ತಾಯಿಯ ಕುರ್ಚಿಯಲ್ಲಿ ಕುಳಿತು ಒಂದು ಚಿತ್ರವನ್ನು ನೋಡತೊಡಗಿದೆ. ಮಳೆಯ ದೃಶ್ಯ, ಒಬ್ಬಾಕೆ ತೆರೆಯ ನಡುವೆ ನಿಂತು ಮೆಲುದನಿಯಲ್ಲಿ ಏನನ್ನೋ ಹೇಳುತ್ತಿದ್ದಾಳೆ, ಹಿಂದೆ ಪಿಟೀಲುಗಳು. ಆಕೆಯ ಮುಖ ಎದುರಿಗಿದೆ, ದನಿ ಮಾತ್ರ ನನ್ನ ಬಲಗಡೆಯ ಪೆಟ್ಟಿಗೆಯಿಂದ ಬರುತ್ತಿದೆ! ಮಳೆಯೂ ಅದೇ ಪೆಟ್ಟಿಗೆಯಿಂದ. ಪಿಟೀಲೂ ಹೆಚ್ಚುಪಾಲು ಅದೇ ಪೆಟ್ಟಿಗೆಯಿಂದ. ಮೂರೂ ಒಂದೇ ಬಾಗಿಲಲ್ಲಿ ನುಗ್ಗುವ ಜಾತ್ರೆಯ ಜನದಂತೆ ಒಂದರ ಮೇಲೊಂದು ಬೀಳುತ್ತಿದ್ದುವು. ಆಕೆ ಏನು ಹೇಳಿದಳೆಂಬುದು ನನಗೂ ತಿಳಿಯಲಿಲ್ಲ. ಎದ್ದು ಕುರ್ಚಿಯಿಲ್ಲದ ನಡುಜಾಗದಲ್ಲಿ ಹೋಗಿ ನಿಂತೆ. ದನಿ ಆಕೆಯ ಬಾಯಿಗೆ ಮರಳಿತು. ಬಲಕ್ಕೆ ಒಂದು ಹೆಜ್ಜೆ ಸರಿದೆ. ದನಿ ಮತ್ತೆ ಪೆಟ್ಟಿಗೆಗೆ ಹಾರಿತು.

ಇದರ ಲೆಕ್ಕ ಕಷ್ಟವಾದುದಲ್ಲ. ತಾಯಿಯ ಕುರ್ಚಿ ನಡುಗೆರೆಯಿಂದ ಮೂರೂವರೆ ಅಡಿ ಬಲಕ್ಕಿದೆ. ಅಲ್ಲಿಂದ ಬಲಗಡೆಯ ಸ್ಪೀಕರಿಗೆ ಸುಮಾರು 9 ಅಡಿ, ಎಡಗಡೆಯದಕ್ಕೆ ಸುಮಾರು 11.7 ಅಡಿ. ಶಬ್ದವು ಸೆಕೆಂಡಿಗೆ ಸುಮಾರು 1,130 ಅಡಿ ಚಲಿಸುತ್ತದೆ. ಆದುದರಿಂದ ಎಡಗಡೆಯ ದನಿ ಬಲಗಡೆಯದಕ್ಕಿಂತ ಸೆಕೆಂಡಿನ ಸಾವಿರದಲ್ಲಿ 2.4 ಭಾಗದಷ್ಟು ತಡವಾಗಿ ಬರುತ್ತದೆ. ಇಷ್ಟು ಅಲ್ಪಕಾಲ ಯಾವ ಲೆಕ್ಕಕ್ಕೆ ಎಂದು ವಾಚಕರು ಕೇಳಬಹುದು. ಕಿವಿಗೆ ಅದು ಬಹು ದೊಡ್ಡ ಲೆಕ್ಕ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಅವರೂ, ಅದೇ ವರ್ಷ ಅಮೆರಿಕದಲ್ಲಿ ವಾಲಾಕ್, ನ್ಯೂಮನ್, ರೋಸೆನ್‌ಜ್ವೈಗ್ ಎಂಬ ಮೂವರೂ ಈ ವಿಷಯವನ್ನು ಪರೀಕ್ಷಿಸಿದರು. ಒಂದೇ ಶಬ್ದ ಎರಡು ಕಡೆಯಿಂದ ತುಸುವೇ ಹಿಂದುಮುಂದಾಗಿ ಬಂದರೆ, ಕಿವಿ ಎರಡನ್ನೂ ಬೆಸೆದು ಒಂದಾಗಿ ಕೇಳುತ್ತದೆ; ಆದರೆ ಮೊದಲು ಬಂದದ್ದರ ದಿಕ್ಕನ್ನೇ ದಿಕ್ಕೆಂದು ನಂಬುತ್ತದೆ. ನನ್ನ ಮಾಯಾದನಿ ಎಲ್ಲರಿಗೂ ಒಲಿಯುವ ಮಾಯೆಯಾಗಿರಲಿಲ್ಲ. ಅದು ಒಂದೇ ಒಂದು ಕುರ್ಚಿಗೆ ಒಲಿದ ಮಾಯೆ. ಆ ಕುರ್ಚಿ ನನ್ನದು.

ಅಂದಿನಿಂದ ನನಗೆ ಈ ಸ್ಪೀಕರಿನ ಚರಿತ್ರೆಯ ಮೇಲೆ ಆಸಕ್ತಿ ಹುಟ್ಟಿತು. ಓದುತ್ತ ಹೋದಂತೆ, ನಾನು ಹೊಸ ಶೋಕಿಯೆಂದು ತಿಳಿದಿದ್ದ ನಡುವಿನ ಸ್ಪೀಕರ್ ನಮ್ಮ ಸ್ಟೀರಿಯೊ ಗ್ರಾಮಫೋನ್ ರೆಕಾರ್ಡಿಗಿಂತ ಹಿರಿಯದೆಂದು ತಿಳಿದುಬಂತು. 1933ನೆಯ ಇಸವಿ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದವರು, ಹಾರ್ವೆ ಫ್ಲೆಚರ್ ಅವರ ನೇತೃತ್ವದಲ್ಲಿ, ಒಂದು ಪ್ರಯೋಗ ನಡೆಸಿದರು. ಫಿಲಡೆಲ್ಫಿಯ ನಗರದಲ್ಲಿ ವಾದ್ಯವೃಂದ ನುಡಿಸಿತು. ಅದನ್ನು ಕೇಳುವ ಸಭೆ ವಾಷಿಂಗ್ಟನ್ನಿನಲ್ಲಿ ಕುಳಿತಿತ್ತು. ವೃಂದದ ಮುಂದೆ ಮೂರು ಮೈಕುಗಳು, ನಡುವೆ ಮೂರು ತಂತಿಮಾರ್ಗಗಳು, ವಾಷಿಂಗ್ಟನ್ನಿನ ಖಾಲಿ ವೇದಿಕೆಯ ಮೇಲೆ ಎಡ, ನಡು, ಬಲಗಳಲ್ಲಿ ಮೂರು ಸ್ಪೀಕರುಗಳು. ವೃಂದದ ನಾಯಕ ಸ್ಟೊಕೊವ್‌ಸ್ಕಿ ಅಂದು ವಾದ್ಯಗಾರರನ್ನು ಬಿಟ್ಟು ಕೇಳುಗರ ಕಡೆ ಕುಳಿತು ದನಿಯ ಏರಿಳಿತವನ್ನು ನಿಯಂತ್ರಿಸಿದರು. ಒಬ್ಬನಿಗಾದರೆ ಎರಡು ಸ್ಪೀಕರ್ ಸಾಕಾಗಬಹುದು; ಸಭೆಗೆ ಮೂರು ಬೇಕು ಎಂಬುದನ್ನು ಆ ಎಂಜಿನಿಯರುಗಳು ಆಗಲೇ ಕಂಡುಕೊಂಡಿದ್ದರು.

ಹಾಗಾದರೆ ಮನೆಗೆ ಎರಡೇ ಏಕೆ ಬಂದುವು? ಇದಕ್ಕೆ ಉತ್ತರ ಕಿವಿಯಲ್ಲಿಲ್ಲ, ರೆಕಾರ್ಡಿನ ಗೀರಿನಲ್ಲಿದೆ. ಇಂಗ್ಲೆಂಡಿನ ಅಲನ್ ಬ್ಲುಮ್ಲೈನ್ ಎಂಬ ಎಂಜಿನಿಯರು 1931ರಲ್ಲಿಯೇ ಸಲ್ಲಿಸಿದ ಪೇಟೆಂಟಿನಲ್ಲಿ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ದನಿಗಳನ್ನು ಬರೆಯುವ ಉಪಾಯವಿತ್ತು. 1958ರ ಸುಮಾರಿಗೆ ಸ್ಟೀರಿಯೊ ರೆಕಾರ್ಡುಗಳು ಮಾರುಕಟ್ಟೆಗೆ ಬಂದಾಗ ಆ ಉಪಾಯವೇ ನಿಂತಿತು. ಗೀರಿಗೆ ಇರುವುದು ಎರಡೇ ಗೋಡೆ. ಆದುದರಿಂದ ಮನೆಗೆ ಬಂದದ್ದು ಎರಡೇ ಸ್ಪೀಕರ್. “ಎರಡು ಕಿವಿಗೆ ಎರಡು ಸ್ಪೀಕರ್” ಎಂದು ನಾನು ಶಾಸ್ತ್ರವಾಕ್ಯದಂತೆ ಆಡಿದ ಮಾತಿಗೆ ಆಧಾರ ಇಷ್ಟೇ! ಕಿವಿಗಳ ಎಣಿಕೆಗೂ ಸ್ಪೀಕರುಗಳ ಎಣಿಕೆಗೂ ಸಂಬಂಧವಿಲ್ಲ. ಕಾಡಿನಲ್ಲಿ ನೂರು ಹಕ್ಕಿಗಳು ಕೂಗಿದರೂ ಕೇಳುವುದು ಇದೇ ಎರಡು ಕಿವಿಗಳಿಂದ.

ಸಿನಿಮಾದವರು ಗೀರಿಗೆ ಕಟ್ಟುಬಿದ್ದವರಲ್ಲವಾದ್ದರಿಂದ ನಡುವಿನ ದನಿಯನ್ನು ಬಿಡಲಿಲ್ಲ. 1940ರ ‘ಫ್ಯಾಂಟೇಸಿಯ’ ಚಿತ್ರಕ್ಕೆ ತೆರೆಯ ಹಿಂದೆ ಮೂರು ದನಿಮಾರ್ಗಗಳಿದ್ದುವು. 1953ರಲ್ಲಿ ‘ದಿ ರೋಬ್’ ಚಿತ್ರದೊಡನೆ ಸಿನಿಮಾಸ್ಕೋಪು ಬಂದಾಗ ಫಿಲ್ಮಿನ ಮೇಲೆ ನಾಲ್ಕು ಅಯಸ್ಕಾಂತ ಪಟ್ಟಿಗಳು. ಮೂರು ತೆರೆಯ ಹಿಂದಕ್ಕೆ, ನಾಲ್ಕನೆಯದು ಪ್ರೇಕ್ಷಕರ ಸುತ್ತಲಿಗೆ. ತೆರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದೇ ಹಿಂದಿನ ದನಿ ಮುಂದಕ್ಕೆ ಬರಲೆಂದು. ಚಿತ್ರಮಂದಿರದ ತುದಿಯ ಸೀಟಿನಲ್ಲಿ ಕುಳಿತವನೂ ಟಿಕೆಟ್ಟಿಗೆ ಹಣ ಕೊಟ್ಟವನೇ. ನಾಯಕನ ಮಾತು ಅವನಿಗೂ ನಾಯಕನ ಬಾಯಿಂದಲೇ ಕೇಳಿಸಬೇಕಲ್ಲವೆ?

ಮನೆಗೆ ಈ ವ್ಯವಸ್ಥೆ ಬಂದ ಬಗೆಯೂ ಬೋಧಪ್ರದವಾಗಿದೆ. 1982ರಲ್ಲಿ ಡಾಲ್ಬಿ ಸಂಸ್ಥೆಯವರು ಮನೆಗಳಿಗಾಗಿ ಸರೌಂಡ್ ಪದ್ಧತಿಯನ್ನು ತಂದಾಗ ಅದರಲ್ಲಿ ನಡುವಿನ ಸ್ಪೀಕರಿಗೆ ಸ್ಥಳವಿರಲಿಲ್ಲ. ನನ್ನಂತೆಯೇ ಅವರೂ ಮಾಯಾದನಿಯಿಂದ ಕೆಲಸ ಸಾಗಿಸಿದರು. 1987ರ ‘ಪ್ರೊ ಲಾಜಿಕ್’ ಪದ್ಧತಿಯಲ್ಲಿ ನಡುವಿನದನ್ನು ಸೇರಿಸಿದರು. 1992ರಲ್ಲಿ ಡಿಜಿಟಲ್ ಪದ್ಧತಿ ಚಿತ್ರಮಂದಿರಕ್ಕೆ ಬಂದು, ಮುಂದೆ ಡಿ.ವಿ.ಡಿ.ಯ ಮೂಲಕ ಮನೆಗಳನ್ನು ಹೊಕ್ಕಾಗ ನಡುವಿನ ದನಿಗೆ ತನ್ನದೇ ಆದ ಮಾರ್ಗ ದೊರೆಯಿತು. ಇಂದು ಚಿತ್ರದ ಮಾತಿನ ಹೆಚ್ಚಿನ ಭಾಗವನ್ನು ಆ ಮಾರ್ಗದಲ್ಲಿಯೇ ಇರಿಸುತ್ತಾರೆ.

ಇಷ್ಟೆಲ್ಲ ಓದುವ ಅಗತ್ಯವೇ ನನಗಿರಲಿಲ್ಲವೆಂದು ಆಮೇಲೆ ತೋರಿತು. ರಾಮೋತ್ಸವದ ಪೆಂಡಾಲಿನಲ್ಲಿ ನಾನು ಚಿಕ್ಕಂದಿನಿಂದ ನೋಡಿದ್ದೇನು? ಹಾಡುವವರು ನಡುವೆ, ಒಂದು ಪಕ್ಕಕ್ಕೆ ಪಿಟೀಲು, ಇನ್ನೊಂದು ಪಕ್ಕಕ್ಕೆ ಮೃದಂಗ. ಹರಿಕಥೆಯ ದಾಸರು ನಿಲ್ಲುವುದೂ ನಡುವೆಯೇ. ಮಾತಿಗೂ ಸಾಹಿತ್ಯಕ್ಕೂ ನಡುವಿನ ಸ್ಥಾನ, ಪಕ್ಕವಾದ್ಯಕ್ಕೆ ಪಕ್ಕ. ಹೆಸರೇ ಹೇಳುತ್ತದೆ. ಪೆಂಡಾಲಿನ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದ ಕೆಳಗೆ ಸ್ಥಳ ಸಿಕ್ಕಿದ ದಿನ ನನ್ನ ತಾಯಿ ಅಲ್ಲಿ ಕೂರಲೊಪ್ಪದೆ, ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ವೇದಿಕೆಯ ಮುಂದೆ ಕೂರುತ್ತಿದ್ದುದು ನೆನಪಿಗೆ ಬಂತು. “ಮುಖ ಒಂದು ಕಡೆ, ದನಿ ಒಂದು ಕಡೆ ಇದ್ದರೆ ಏನು ಕೇಳೋದು?” ಎನ್ನುತ್ತಿದ್ದರು. ಹಾಸ್ ಅವರ ಹೆಸರನ್ನು ಕೇಳದ ಆಕೆಗೆ ವಿಷಯ ತಿಳಿದಿತ್ತು.

ನಡುಕುರ್ಚಿಯಲ್ಲಿ ಕೂರುವವನಿಗೂ ಮಾಯಾದನಿ ಪೂರ್ತಿ ಪುಕ್ಕಟೆಯಲ್ಲ. ಎಡಗಿವಿಗೆ ಎಡಗಡೆಯ ಸ್ಪೀಕರಿನ ದನಿ ತಲಪಿದ ಸುಮಾರು ಕಾಲು ಮಿಲಿಸೆಕೆಂಡಿನ ಮೇಲೆ ಬಲಗಡೆಯದರ ದನಿ ತಲೆಯನ್ನು ಬಳಸಿಕೊಂಡು ಬರುತ್ತದೆ. ಬಲಗಿವಿಯ ಪಾಡೂ ಇದೇ. ಈ ಎರಡು ಅಲೆಗಳು 2,000 ಹರ್ಟ್ಸ್ ಸುಮಾರಿನಲ್ಲಿ ಒಂದನ್ನೊಂದು ಕುಗ್ಗಿಸುತ್ತವೆ. ನಮ್ಮ ವ್ಯಂಜನಗಳ ಸ್ಪಷ್ಟತೆಗೆ ಬೇಕಾದ ಸ್ವರಪ್ರದೇಶ ಅದನ್ನು ಒಳಗೊಂಡಿದೆ. ಗೋಡೆಗಳಿಂದ ಮರಳುವ ದನಿ ಆ ಕೊರತೆಯನ್ನು ಒಂದಿಷ್ಟು ತುಂಬುವುದರಿಂದ ಎಳೆಯ ಕಿವಿಗೆ ಇದು ಗೊತ್ತಾಗದು. ಆದರೆ ನಿಜವಾದ ಒಂದು ಸ್ಪೀಕರ್ ನಡುವೆ ಇದ್ದರೆ ಆ ಕೊರತೆಯೇ ಹುಟ್ಟುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಮದುವೆಮನೆಯ ಗದ್ದಲದಲ್ಲಿಯೂ ನಾವು ಒಬ್ಬರ ಮಾತನ್ನು ಹೇಗೆ ಹೆಕ್ಕಿಕೊಳ್ಳುತ್ತೇವೆಂಬ ಪ್ರಶ್ನೆಯನ್ನು ಕಾಲಿನ್ ಚೆರಿ ಎಂಬ ಇಂಗ್ಲಿಷ್ ವಿಜ್ಞಾನಿ 1953ರಲ್ಲಿ ಎತ್ತಿಕೊಂಡರು. ಮಾತು ಒಂದು ದಿಕ್ಕಿನಿಂದಲೂ ಗದ್ದಲ ಬೇರೆ ದಿಕ್ಕಿನಿಂದಲೂ ಬಂದರೆ ಹೆಕ್ಕುವುದು ಸುಲಭ. ಎರಡೂ ಒಂದೇ ದಿಕ್ಕಿನಿಂದ ಬಂದರೆ ಕಷ್ಟ. ನನ್ನ ತಾಯಿಯ ಕುರ್ಚಿಗೆ ಮಾತು, ಮಳೆ, ಪಿಟೀಲು ಮೂರನ್ನೂ ಒಂದೇ ದಿಕ್ಕಿನಿಂದ ಸುರಿದು, ಹೆಕ್ಕಿಕೊಳ್ಳಲಾರದೆ ಹೋದಾಗ ಕಿವಿಯನ್ನು ದೂರಿದವನು ನಾನು. ವಯಸ್ಸು ಕಿವಿಯಿಂದ ಕೊಂಚ ಕಸಿದದ್ದು ನಿಜ. ಕೊಂಚ ಕಳೆದುಕೊಂಡವರಿಗೆ ಅಲ್ಲವೆ ಮಾತನ್ನು ಹೆಚ್ಚು ಚೊಕ್ಕಟವಾಗಿ ಕೊಡಬೇಕಾದದ್ದು?

ಮಾರನೆಯ ವಾರವೇ ನಡುವಿನ ಸ್ಪೀಕರ್ ತರಲು ಹೊರಟೆ. ಇಲ್ಲಿಯೂ ಒಂದು ಪಾಠ ಕಾದಿತ್ತು. ಹಣ ಉಳಿಸುವ ಆಸೆಯಿಂದ ಮೊದಲು ತಂದದ್ದು ಅಂಗೈಯಗಲದ ಒಂದು ಅಗ್ಗದ ಪೆಟ್ಟಿಗೆ. ಅದನ್ನು ಟಿ.ವಿ.ಯ ಕೆಳಗಿನ ಗೂಡಿನೊಳಕ್ಕೆ ತಳ್ಳಿಟ್ಟೆ. ಮಾತೆಲ್ಲ ಹಂಡೆಯೊಳಗಿನಿಂದ ಬಂದಂತಾಯಿತು. ಕಾರು ಎಡದಿಂದ ಬಲಕ್ಕೆ ಓಡಿದರೆ ನಡುವೆ ಅದರ ಸದ್ದು ಸ್ಕೂಟರಿನದಾಗುತ್ತಿತ್ತು. ನಡುವಿನ ಸ್ಪೀಕರಿಗೆ ಎಡಬಲದವುಗಳ ಗುಣವೇ ಇರಬೇಕು. ಒಂದೇ ತಯಾರಕರ ಒಂದೇ ಶ್ರೇಣಿಯದಾದರೆ ಉತ್ತಮ. ಅಡ್ಡಲಾಗಿ ಮಲಗಿಸಿ ಎರಡು ದೊಡ್ಡ ಕೋನುಗಳನ್ನು ಅಕ್ಕಪಕ್ಕ ಇಟ್ಟ ಪೆಟ್ಟಿಗೆಗಳಲ್ಲಿ ಒಂದು ವಿಪರ್ಯಾಸವೂ ಉಂಟು. ಪಕ್ಕದಲ್ಲಿ ಕೂರುವವರಿಗಾಗಿ ತಂದ ಆ ಪೆಟ್ಟಿಗೆ, ಎರಡು ಕೋನುಗಳ ಅಲೆಗಳು ಒಂದನ್ನೊಂದು ಅಡ್ಡಗಟ್ಟುವುದರಿಂದ, ಪಕ್ಕದಿಂದ ಕೇಳಿದಾಗಲೇ ಮಂಕಾಗುವುದುಂಟು. ಆದುದರಿಂದ ಕೊಳ್ಳುವಾಗ ಎದುರಿಗೆ ಮಾತ್ರವಲ್ಲ, ಪಕ್ಕಕ್ಕೆ ಸರಿದು ನಿಂತೂ ಕೇಳಿ ನೋಡಬೇಕು. ಗೂಡಿನೊಳಗೆ ಹುದುಗಿಸದೆ ಅಂಚಿಗೆ ತಂದಿಟ್ಟು, ಕುಳಿತವರ ಕಿವಿಯ ಕಡೆಗೆ ಮೂತಿ ತುಸು ಮೇಲೆತ್ತಬೇಕು. ಎರಡನೆಯ ಸಲ ಇದನ್ನೆಲ್ಲ ನೋಡಿ ತಂದೆ. ಮಾತಿನ ಮಾರ್ಗ ಬೇರೆಯಾದುದರಿಂದ, ಸಂಗೀತವನ್ನು ಮುಟ್ಟದೆ ಮಾತನ್ನಷ್ಟೆ ಎರಡು ಡೆಸಿಬೆಲ್ ಏರಿಸಿಡುವ ಅನುಕೂಲವೂ ದೊರೆಯಿತು.

ಹಾಗೆಂದು ಎಲ್ಲರೂ ನಡುವಿನ ಸ್ಪೀಕರ್ ಕೊಳ್ಳಲೇಬೇಕೆಂದು ನಾನು ಹೇಳುವುದಿಲ್ಲ. ಒಬ್ಬರೇ ನೋಡುವವರು, ನಡುವೆಯೇ ಕೂರುವವರು, ಮುಖ್ಯವಾಗಿ ಸಂಗೀತ ಕೇಳುವವರು ಎರಡರಲ್ಲಿಯೇ ಸುಖವಾಗಿರಬಹುದು. ಕೈಯಲ್ಲಿರುವ ಹಣಕ್ಕೆ ಎರಡು ಒಳ್ಳೆಯವು ಅಥವಾ ಮೂರು ಸಾಧಾರಣದವು ಎಂದಾದರೆ ಎರಡು ಒಳ್ಳೆಯವನ್ನೇ ಆರಿಸಿಕೊಳ್ಳಲಿ. ಕೆಟ್ಟ ನಡುದನಿಗಿಂತ ಮಾಯಾದನಿ ಮೇಲು. ನಿಶ್ಚಯಿಸುವ ಮೊದಲು ಮನೆಯಲ್ಲಿ ಯಾರು ಯಾರು ಎಲ್ಲೆಲ್ಲಿ ಕೂರುತ್ತಾರೆಂಬುದನ್ನು ಎಣಿಸಿ, ಆ ಒಂದೊಂದು ಸ್ಥಳದಲ್ಲಿಯೂ ಐದು ನಿಮಿಷ ತಾವೇ ಕುಳಿತು ಕೇಳಲಿ. ಈ ಒಂದು ಪರೀಕ್ಷೆಗೆ ಖರ್ಚಿಲ್ಲ. ನಾನು ಅದನ್ನು ಮಾಡಲು ಕುರ್ಚಿಯ ಬೆತ್ತ ಹರಿಯಬೇಕಾಯಿತು.

ಹೊಸ ಸ್ಪೀಕರ್ ಕೂಡಿಸಿದ ರಾತ್ರಿ ತಾಯಿಯನ್ನು ಬಲವಂತಮಾಡಿ ಕರೆತಂದು ಅವರ ಕುರ್ಚಿಯಲ್ಲಿಯೇ ಕೂರಿಸಿದೆ. ಏನನ್ನೂ ಹೇಳಲಿಲ್ಲ. ಅದೇ ಮಳೆಯ ಚಿತ್ರವನ್ನು ಹಾಕಿದೆ. ಅರ್ಧ ಗಂಟೆ ಅವರು ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ, “ಇವಳು ಸುಳ್ಳು ಹೇಳ್ತಿದಾಳೆ ನೋಡು, ಆ ಕಾಗದ ಅವಳ ಹತ್ತಿರವೇ ಇದೆ” ಎಂದರು. ಕಥೆ ಮುಗಿಯುವ ಹೊತ್ತಿಗೆ ಅವರ ಊಹೆಯೇ ನಿಜವಾಯಿತು. ಗಂಟೆ ಹತ್ತೂವರೆಯಾಗಿತ್ತು, ನಿದ್ದೆಯ ಮಾತೇ ಇರಲಿಲ್ಲ.

ಆಗ ನಾನು ಹೊಸ ಪೆಟ್ಟಿಗೆಯನ್ನು ತೋರಿಸಿ, “ತಪ್ಪು ನಿನ್ನ ಕಿವೀದಲ್ಲ ಅಮ್ಮ, ನನ್ನದು” ಎಂದು ಎಲ್ಲವನ್ನೂ ವಿವರಿಸಿದೆ. ಒಂಬತ್ತು ಅಡಿ, ಹನ್ನೊಂದು ಅಡಿಗಳ ಲೆಕ್ಕವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಎಲ್ಲವನ್ನೂ ಕೇಳಿಕೊಂಡು, ಗೋಡೆ ಹಿಡಿದು ನಿಧಾನವಾಗಿ ಎದ್ದರು.

“ಹಾಗಾದರೆ ಇಷ್ಟು ದಿನ ನನ್ನ ಕಿವಿಗೆ ಬಿಟ್ಟ ಎಣ್ಣೆಯೆಲ್ಲ ದಂಡವೇನೋ?”